ದೊಂದಿ ಹಿಡಿದವನ ವಿದ್ಯೆ

ಯಕ್ಷಗಾನದ ಬಣ್ಣದ ವೇಷ ತೆರೆಯಾಚೆಯಿಂದ ಅಬ್ಬರಿಸುವ ಹೊತ್ತಿಗೆ, ದೊಂದಿ ಹಿಡಿದು ರಂಗಸ್ಥಳದ ಪಕ್ಕ ನಿಂತವನು ಮುಷ್ಟಿಯಲ್ಲಿದ್ದ ರಾಳದ ಪುಡಿಯನ್ನು ಉರಿಗೆ ಎರಚುತ್ತಾನೆ. ಭಗ್ಗನೆ ಜ್ವಾಲೆಯೊಂದು ಎದ್ದು, ರಕ್ಕಸನ ಮುಖವನ್ನು ಒಂದೇ ಒಂದು ಸಲ ತೋರಿಸಿ, ಕಪ್ಪು ಹೊಗೆಯ ಉಂಡೆಯಾಗಿ ಮೇಲಕ್ಕೆ ಹೋಗಿಬಿಡುತ್ತದೆ. ಎಲ್ಲವೂ ಸೆಕೆಂಡೊಂದರ ಆಚೀಚೆ ಮುಗಿಯುತ್ತದೆ. ಇಂಥದೇ ಒಂದು ಸೆಕೆಂಡನ್ನು ಕಂಪ್ಯೂಟರಿನಲ್ಲಿ ನಂಬುವ ಹಾಗೆ ಮೂಡಿಸಲು ಆನಿಮೇಷನ್ ಲೋಕ ನಲವತ್ತು ವರ್ಷಗಳಿಂದ ಹೆಣಗುತ್ತಿದೆ. ಭಟ್ಕಳ, ಹೊನ್ನಾವರ, ಕುಮಟಾದ ಗದ್ದೆ ಬಯಲುಗಳಲ್ಲಿ ಬೆಳೆದ ಬೆಂಕಿಯ ಕಸುಬನ್ನೂ ಸ್ಟುಡಿಯೋಗಳಲ್ಲಿ ನಡೆಯುವ ಬೆಂಕಿಯ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಖಚಿತವಾಗುತ್ತದೆ. ನೋಡುವವರು ಜ್ವಾಲೆಯ ಆಕಾರ ನೋಡಿ ಬೆಂಕಿಯನ್ನು ನಂಬುವುದು ಕಡಿಮೆ. ಗಾತ್ರಕ್ಕೆ ತಕ್ಕ ಅದರ ಲಯ, ಎದುರಿನ ಮುಖದ ಮೇಲೆ ಬೀಳುವ ಅದರ ಬೆಳಕು, ಅದು ಎದ್ದುಬರುವ ಗಳಿಗೆ ಇವುಗಳಿಂದ ನಂಬುವುದೇ ಹೆಚ್ಚು. ಇಷ್ಟನ್ನೂ ದೊಂದಿಯವರು ಕೈಯಲ್ಲೇ ಬಲ್ಲವರಾಗಿದ್ದರು. ಆ ಬಲ್ಲತನವನ್ನು ಯಾರೂ ಬರೆದಿಟ್ಟುಕೊಳ್ಳದೆ ಇರುವುದು ನಮ್ಮ ನಾಡಿನ ನಷ್ಟ ಎಂಬುದೇ ಈ ಬರಹದ ವಾದ.

ಕಂಪ್ಯೂಟರಿನ ಬೆಂಕಿ ಮೊದಲು ಹುಟ್ಟಿದ್ದು ಲೆಕ್ಕವಿಲ್ಲದಷ್ಟು ಕಿಡಿಗಳಾಗಿ. 1982ರ 'ಸ್ಟಾರ್ ಟ್ರೆಕ್' ಸರಣಿಯ ಎರಡನೆಯ ಚಿತ್ರದಲ್ಲಿ ಗ್ರಹವೊಂದನ್ನು ಸುತ್ತಿಕೊಳ್ಳುವ ಬೆಂಕಿಯ ಗೋಡೆಗಾಗಿ ವಿಲಿಯಂ ರೀವ್ಸ್ ಸಾವಿರಾರು ಬೆಳಕಿನ ಕಣಗಳನ್ನು ಚಿಮ್ಮಿಸಿ, ಒಂದೊಂದಕ್ಕೂ ಆಯುಷ್ಯ, ವೇಗ, ಬಣ್ಣ ಕೊಟ್ಟರು. ಮರುವರ್ಷ ಅದರ ವಿಧಾನವನ್ನು ಪ್ರಬಂಧವಾಗಿ ಪ್ರಕಟಿಸಿದರು. ಕಣಗಳಿಂದ ಕಿಡಿ ಸಿಕ್ಕಿತು, ಹೊಗೆ ಸಿಗಲಿಲ್ಲ. ಹೊಗೆ ಸುತ್ತಿ ಸುಳಿಯುವುದು ಗಾಳಿಯ ಒಳಗಿನ ತಳ್ಳಾಟದಿಂದ. ಆ ತಳ್ಳಾಟವನ್ನು ಹೇಳುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳು ಹತ್ತೊಂಬತ್ತನೇ ಶತಮಾನದವು. ಅವನ್ನು ಬಿಡಿಸಲು ಜಾಗವನ್ನೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಬೇಕು. ಅಂಚು ಕಟ್ಟಿದ ಗದ್ದೆಗಳ ಸಾಲಿನಲ್ಲಿ ಒಂದರ ನೀರು ಇನ್ನೊಂದಕ್ಕೆ ಇಳಿಯುವಂತೆ ಒಂದು ಚೌಕದ ಗಾಳಿ, ಕಾವು, ಮಸಿ ಪಕ್ಕದ ಚೌಕಕ್ಕೆ ಎಷ್ಟು ಹೋಯಿತೆಂದು ಪ್ರತಿ ಬಿಡಿಚಿತ್ರಕ್ಕೂ ಲೆಕ್ಕ ಹಾಕಬೇಕು. ಉದ್ದ, ಅಗಲ, ಎತ್ತರಕ್ಕೆ ಇನ್ನೂರಿನ್ನೂರು ಚೌಕ ಇಟ್ಟರೂ 80 ಲಕ್ಷವಾಗುತ್ತದೆ. ನಯ ಇಮ್ಮಡಿಯಾಗಲಿ ಎಂದರೆ ಚೌಕಗಳು ಎಂಟು ಪಟ್ಟಾಗುತ್ತವೆ. 1999ರಲ್ಲಿ ಯೋಸ್ ಸ್ಟಾಮ್ ಈ ಲೆಕ್ಕ ಎಂದೂ ಕೈಮೀರಿ ಸಿಡಿದುಹೋಗದ ಹಾಗೆ ಮಾಡುವ ಉಪಾಯ ತೋರಿಸಿದರು. ಆದರೆ ಆ ಉಪಾಯದಲ್ಲಿ ಸಣ್ಣ ಸುಳಿಗಳು ಬೇಗ ಸತ್ತು ಹೊಗೆ ಮಂಕಾಗುತ್ತಿತ್ತು. 2001ರಲ್ಲಿ ರಾನ್ ಫೆಡ್ಕಿವ್, ಸ್ಟಾಮ್ ಮತ್ತು ಹೆನ್ರಿಕ್ ಯೆನ್ಸನ್ ಆ ಸುಳಿಗಳಿಗೆ ಮತ್ತೆ ಜೀವ ತುಂಬಿದರು. 2002ರ ಪ್ರಬಂಧವೊಂದರಲ್ಲಿ ಫೆಡ್ಕಿವ್ ಮತ್ತು ಯೆನ್ಸನ್, ಡ್ಯುಕ್ ನುಯೆನ್ ಜೊತೆ ಬೆಂಕಿಯನ್ನೇ ಕೈಗೆತ್ತಿಕೊಂಡರು. ಈಗ ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಯಾವ ಹುಡುಗನಾದರೂ ಮನೆಯಲ್ಲೇ ಹೊಗೆ ಎಬ್ಬಿಸಬಹುದು.

ಹಾಗಾದರೂ ತೆರೆಯ ಮೇಲಿನ ಬೆಂಕಿ ಎಷ್ಟೋ ಸಲ ಸುಳ್ಳಾಗಿ ಕಾಣುವುದೇಕೆ? ಮೊದಲ ಕಾರಣ ಗಾತ್ರ. ಉರಿಯುವ ಬುಡ ಅಗಲವಾದಷ್ಟೂ ಜ್ವಾಲೆಯ ಉಸಿರಾಟ ನಿಧಾನ. ಬುಡ ಒಂದು ಮೀಟರ್ ಅಗಲವಿದ್ದರೆ ಜ್ವಾಲೆ ಸೆಕೆಂಡಿಗೆ ಸುಮಾರು ಒಂದೂವರೆ ಸಲ ಉಬ್ಬಿ ಬಿಡುತ್ತದೆ. ಹತ್ತು ಸೆಂಟಿಮೀಟರಿನದಾದರೆ ಐದು ಸಲದ ಹತ್ತಿರ. ಅಗಲದ ವರ್ಗಮೂಲಕ್ಕೆ ವಿಲೋಮವಾಗಿ ಈ ಲಯ ಬದಲಾಗುತ್ತದೆಂದು ಬೆಂಕಿಯ ವಿಜ್ಞಾನ ಅಳೆದು ತಿಳಿದಿದೆ. ಲಂಕೆಯ ಅರಮನೆಗೆ ಒಲೆಯ ಬೆಂಕಿಯ ಚಡಪಡಿಕೆ ಕೊಟ್ಟರೆ ಅರಮನೆಯೇ ಬೊಂಬೆಯಾಗಿಬಿಡುತ್ತದೆ. ಸಣ್ಣ ಮಾದರಿಗಳನ್ನು ಸುಟ್ಟು ಚಿತ್ರೀಕರಿಸುತ್ತಿದ್ದ ಹಳೆಯ ಸಿನಿಮಾದವರು ಕ್ಯಾಮೆರಾವನ್ನು ವೇಗವಾಗಿ ಓಡಿಸಿ ಉರಿಯನ್ನು ನಿಧಾನ ಮಾಡುತ್ತಿದ್ದುದು ಇದೇ ಕಾರಣಕ್ಕೆ. ದೊಂದಿಗೆ ಈ ತೊಂದರೆಯಿಲ್ಲ. ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಮುಡಿ ಮುಷ್ಟಿಗಿಂತ ತುಸು ದೊಡ್ಡದು, ಅದರ ಉರಿ ಸಣ್ಣ ಉರಿಯ ಹಾಗೆಯೇ ಬೇಗಬೇಗ ಮಿಡುಕುತ್ತದೆ. ಕಣ್ಣು ಅದಕ್ಕೆ ಹೊಂದಿಕೊಂಡಿರುತ್ತದೆ. ಅಷ್ಟರಲ್ಲಿ ರಾಳ ಬಿದ್ದು, ಮೀಟರಿನಷ್ಟು ಅಗಲದ ಜ್ವಾಲೆ ಒಂದೇ ಒಂದು ದೀರ್ಘ ಉಸಿರಿನಲ್ಲಿ ಮೇಲೇಳುತ್ತದೆ. ಬೇರೆಯೇ ಗಾತ್ರದ ಲೋಕದಿಂದ ಏನೋ ಬಂತೆಂದು ಕಣ್ಣಿಗೆ ತಿಳಿಯುವುದು ಈ ಲಯ ಥಟ್ಟನೆ ಬದಲಾಗುವುದರಿಂದ.

ರಾಳದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಡೀ ಕಸುಬಿನ ಜೀವ ಅದರಲ್ಲಿದೆ. ಘಟ್ಟದ ಧೂಪದ ಮರದಂಥವುಗಳ ಸೊನೆ ಒಣಗಿ ಗಟ್ಟಿಯಾದ ವಸ್ತು ಅದು. ಗಟ್ಟಿಯನ್ನೇ ಬೆಂಕಿಗೆ ಹಾಕಿದರೆ ಕರಗುತ್ತದೆ, ತೊಟ್ಟಿಕ್ಕುತ್ತದೆ, ಹೊಗೆಯಾಡುತ್ತದೆ, ಭುಗಿಲೇಳುವುದಿಲ್ಲ. ಅದನ್ನೇ ನುಣ್ಣಗೆ ಕುಟ್ಟಿ ಜರಡಿ ಹಿಡಿದು ಗಾಳಿಯಲ್ಲಿ ಹರಡಿದರೆ ಕಣಕಣಕ್ಕೂ ಸುತ್ತಲಿನಿಂದ ಗಾಳಿ ಸಿಕ್ಕಿ, ಎಲ್ಲವೂ ಹೆಚ್ಚುಕಡಿಮೆ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಪುಡಿ ಉಂಡೆಗಟ್ಟದಷ್ಟು ಒಣಗಿರಬೇಕು. ಕರಾವಳಿಯ ಇಬ್ಬನಿಯ ರಾತ್ರಿಗಳಲ್ಲಿ ಇದು ಸಣ್ಣ ಕೆಲಸವಲ್ಲ. ಕೈ ಬೀಸುವಾಗ ಬೆರಳುಗಳ ನಡುವಿನಿಂದ ಪುಡಿ ಬೀಸಣಿಗೆಯಾಗಿ ಹರಡಬೇಕು, ಮುದ್ದೆಯಾಗಿ ಬೀಳಬಾರದು. ಉರಿಗೆ ತೀರ ಹತ್ತಿರ ಎರಚಿದರೆ ಜ್ವಾಲೆ ಕೈಗೇ ತಿರುಗುತ್ತದೆ, ದೂರವಾದರೆ ಅರ್ಧ ಪುಡಿ ಹೊತ್ತದೆ ನೆಲಕ್ಕಿಳಿಯುತ್ತದೆ. ಗಾಳಿಯ ಲೆಕ್ಕ ಬೇರೆ: ಹಗಲು ಕಡಲಿನಿಂದ ನೆಲಕ್ಕೆ ಬೀಸುವ ಗಾಳಿ ರಾತ್ರಿ ನೆಲ ತಣಿದ ಮೇಲೆ ಘಟ್ಟದ ಕಡೆಯಿಂದ ಕಡಲಿಗೆ ಹೊರಳುತ್ತದೆ. ಸಂಜೆ ಸರಿಯಾಗಿದ್ದ ಜಾಗ ಬೆಳಗಿನ ಜಾವಕ್ಕೆ ವೇಷದ ಕಡೆಗೇ ಉರಿ ತಳ್ಳುವ ಜಾಗವಾಗಬಹುದು. ಇನ್ನು ಹೊಗೆ. ಹಳದಿ ಜ್ವಾಲೆ ಎಂದರೆ ಕಾದು ಹೊಳೆಯುವ ಮಸಿಯ ಕಣಗಳೇ. ಅವೇ ಕಣಗಳು ತಣಿದರೆ ಕಪ್ಪು ಹೊಗೆ. ರಾಳದ ಉರಿಯಲ್ಲಿ ಈ ಎರಡರ ಹೊಲಿಗೆ ಎಲ್ಲಿಯೂ ಕಾಣದು, ಜ್ವಾಲೆಯ ತುದಿ ತಾನೇ ಕೆಂಪಾಗಿ, ಕಂದಾಗಿ, ಕಪ್ಪಾಗಿ ಮುಗಿಯುತ್ತದೆ. ಕಂಪ್ಯೂಟರಿನಲ್ಲಿ ಬೆಂಕಿಯನ್ನೊಂದು ಪದರವಾಗಿ, ಹೊಗೆಯನ್ನು ಇನ್ನೊಂದಾಗಿ ಮಾಡಿ ಅಂಟಿಸಿದಾಗ ಕಣ್ಣಿಗೆ ಚುಚ್ಚುವುದು ಆ ಅಂಟಿನ ಗೆರೆ.

ರಾಳ ನಮ್ಮ ಕರಾವಳಿಗಷ್ಟೇ ಹೊಳೆದ ಉಪಾಯವಲ್ಲ. ಇಟಲಿಯ ವಾಸ್ತುಶಿಲ್ಪಿ ಸೆರ್ಲಿಯೊ 1545ರ ತನ್ನ ಗ್ರಂಥದಲ್ಲಿ, ತೂತುಗಳ ಮುಚ್ಚಳದ ಡಬ್ಬಿಯಲ್ಲಿ ರಾಳದ ಪುಡಿ ತುಂಬಿ ಮೇಲೊಂದು ಉರಿಯುವ ಬತ್ತಿ ಇಟ್ಟು ರಂಗದಲ್ಲಿ ಮಿಂಚು ಮಾಡುವುದನ್ನು ವಿವರಿಸಿದ್ದಾನೆ. ಅಲ್ಲಿಯ ವಿದ್ಯೆ ಪುಸ್ತಕ ಸೇರಿತು. ಇಲ್ಲಿಯದು ಕೈಯಿಂದ ಕೈಗೆ ದಾಟಿತು, ಅಷ್ಟೇ ವ್ಯತ್ಯಾಸ.

ಎರಡನೆಯ ಕಾರಣ ಬೆಳಕು. ಇಲ್ಲಿಯ ಬಡಗುತಿಟ್ಟು ಯಕ್ಷಗಾನದ ವೇಷಗಳ ಭುಜಕೀರ್ತಿ, ಎದೆಕಟ್ಟುಗಳು ಹಗುರ ಮರದಲ್ಲಿ ಕೆತ್ತಿ, ಬೇಗಡೆ ಹಚ್ಚಿ, ಕನ್ನಡಿಯ ಚೂರು ಕೂರಿಸಿದವು. ವಿದ್ಯುದ್ದೀಪದ ಸಮ ಬೆಳಕಿನಲ್ಲಿ ಅವು ಚೆಂದದ ಆಭರಣಗಳಷ್ಟೇ. ಮಿಡುಕುವ ಉರಿಯೆದುರು ಪ್ರತಿ ಕನ್ನಡಿಯ ಚೂರೂ ಬೇರೆ ಬೇರೆ ಕ್ಷಣದಲ್ಲಿ ಹೊಳೆದು ಆರುತ್ತದೆ, ವೇಷ ನಿಂತಲ್ಲೇ ಚಲಿಸುತ್ತದೆ. ಎಣ್ಣೆಯ ಉರಿಯ ಬೆಳಕು ಬಣ್ಣದ ಅಳತೆಯಲ್ಲಿ ಸುಮಾರು 1,900 ಕೆಲ್ವಿನ್, ನಡುಹಗಲಿನದು 5,500ರ ಹತ್ತಿರ. ಉರಿಯ ಬೆಳಕಿನಲ್ಲಿ ನೀಲಿಯ ಪಾಲು ತೀರ ಕಡಿಮೆ. ಆದ್ದರಿಂದ ಅರದಾಳದ ಹಳದಿ, ಇಂಗಳೀಕದ ಕೆಂಪು ಮುಂದೆ ನುಗ್ಗಿ ಬರುತ್ತವೆ, ಕಾಡಿಗೆಯ ಗೆರೆ ಆಳದ ಕಂದರವಾಗುತ್ತದೆ. ಕೆಂಪು, ಹಳದಿ, ಕಪ್ಪಿಗೇ ಒಲಿದ ಈ ವೇಷಗಾರಿಕೆ ಬೆಂಕಿಯ ಬೆಳಕಿಗಾಗಿಯೇ ಪಳಗಿದ ವಿದ್ಯೆ ಎಂದು ನಾನು ನಂಬಲು ಇಷ್ಟು ಸಾಕು. 2002ರ ಆ ಪ್ರಬಂಧದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವ ಭಾಗವೂ ಇದಕ್ಕೆ ಸಂಬಂಧಿಸಿದ್ದೇ. ಕಾದ ಮಸಿಯ ಬಣ್ಣವನ್ನು ಭೌತಶಾಸ್ತ್ರದ ಪ್ರಕಾರ ಕರಾರುವಾಕ್ಕಾಗಿ ಹಾಕಿದರೂ ಸಾಲದೆಂದು ಆ ಮೂವರು ಕಂಡುಕೊಂಡರು. ಕತ್ತಲಲ್ಲಿ ಬೆಂಕಿ ನೋಡುವ ಕಣ್ಣು ಬೆಂಕಿಯ ಬಣ್ಣಕ್ಕೆ ಹೊಂದಿಕೊಂಡು, ಅದರ ಅತಿ ಕಾದ ಭಾಗವನ್ನು ಬಿಳಿಯೆಂದೇ ಕಾಣುತ್ತದೆ; ಆ ಹೊಂದಾಣಿಕೆಯನ್ನೂ ಅವರು ಲೆಕ್ಕಕ್ಕೆ ಸೇರಿಸಿದರು. ಬೆಂಕಿಯನ್ನು ಮಾಡಲು ಹೊರಟ ಗಣಿತ ಕೊನೆಗೆ ನೋಡುವವರ ಕಣ್ಣಿಗೆ ಬಂದು ನಿಂತಿತು. ರಾತ್ರಿಯಿಡೀ ದೊಂದಿಗೆ ಪಳಗಿದ ಕಣ್ಣುಗಳ ಮುಂದೆ ವೇಷ ಕಟ್ಟುತ್ತಿದ್ದವರು ಹೊರಟದ್ದೇ ಅಲ್ಲಿಂದ.

ದೊಂದಿಯ ಈ ವಿದ್ಯೆ ಬೆಳೆದ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಆಟದ ಇತಿಹಾಸ ಉದ್ದದ್ದು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡುವ ಮುನ್ನ ಅಲ್ಲಿಯ ಸಂಸ್ಥಾನಿಕರು ಕನ್ನಡ ಕರಾವಳಿಯ ಭಾಗವತರ ಆಟ ನೋಡಿದ್ದರು. ಅದು ಹೊನ್ನಾವರದ ಕರ್ಕಿ ಮೇಳವೆಂಬುದು ಇಲ್ಲಿಯ ಹಿರಿಯರ ಮಾತು. ಇಡಗುಂಜಿ ಮೇಳವನ್ನು ಕೆರೆಮನೆ ಶಿವರಾಮ ಹೆಗಡೆ ಕಟ್ಟಿದ್ದು 1934ರಲ್ಲಿ. ಮಗ ಶಂಭು ಹೆಗಡೆ, ಮೊಮ್ಮಗ ಶಿವಾನಂದ ಹೆಗಡೆ, ಮರಿಮಗ ಶ್ರೀಧರ ಹೆಗಡೆ ಹೀಗೆ ನಾಲ್ಕು ತಲೆಮಾರು ದಾಟಿ ಗುಣವಂತೆಯಲ್ಲಿ ಅದು ಇಂದಿಗೂ ಉಸಿರಾಡುತ್ತಿದೆ. ದೊಂದಿಯ ಜಾಗಕ್ಕೆ ಗ್ಯಾಸ್‌ಲೈಟು, ಅದರ ಜಾಗಕ್ಕೆ ವಿದ್ಯುತ್ತು ಬಂದದ್ದು ಈ ತಲೆಮಾರುಗಳ ಅವಧಿಯಲ್ಲೇ.

ಗಳಿಗೆಯ ಮಾತು ಉಳಿಯಿತು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಚಂಡೆಯ ಪೆಟ್ಟು ಬಿದ್ದ ಮೇಲೆ ಮೂರ್ನಾಲ್ಕು ಚಿತ್ರದಷ್ಟು ತಡವಾಗಿ ಜ್ವಾಲೆ ಎದ್ದರೆ ಬೆಂಕಿ ಬೇರೆ, ರಕ್ಕಸ ಬೇರೆ ಆಗಿಬಿಡುತ್ತಾರೆ. ಪುಡಿ ಕೈಬಿಟ್ಟು ಹೊತ್ತಿಕೊಳ್ಳುವವರೆಗಿನ ಸಣ್ಣ ವಿಳಂಬವನ್ನು ಕಳೆದು, ಪೆಟ್ಟಿಗಿಂತ ತುಸು ಮೊದಲೇ ಕೈ ಬೀಸಬೇಕಾದ ದೊಂದಿಯವನಿಗೆ ತಾಳ ಮೈಗೂಡಿರಲೇಬೇಕು. ಅವನನ್ನು ಹಿಮ್ಮೇಳದ ಒಬ್ಬನೆಂದೇ ನಾನು ಎಣಿಸುತ್ತೇನೆ. ಗಳಿಗೆ ಕೂಡಿ ಬಂದರೆ ಬೆಂಕಿಯೇ ಬೇಡವಾಗುವುದೂ ಉಂಟು. ಖಾಂಡವವನ ದಹನದಲ್ಲಿ ಕಾಡೆಲ್ಲ ಉರಿಯಬೇಕು, ರಂಗಸ್ಥಳದಲ್ಲಿ ಒಂದು ತರಗೆಲೆಯೂ ಉರಿಯುವುದಿಲ್ಲ. 2012ರಲ್ಲಿ ಪದ್ಮಶ್ರೀ ಪಡೆದ ಹೊನ್ನಾವರದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ, ಮೋಹಿನಿಯ ನಾಟ್ಯವನ್ನು ಅನುಕರಿಸುತ್ತ ಅನುಕರಿಸುತ್ತ ತನ್ನ ಕೈಯನ್ನು ತನ್ನದೇ ತಲೆಗೆ ತರುವಾಗ, ಉರಿ ಎಲ್ಲಿ ಎಂದು ಯಾರೂ ಹುಡುಕುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ಯಕ್ಷಗಾನ ಶೈಲಿಯ ಕಲೆ, ವಾಸ್ತವದ ಹಂಗು ಅದಕ್ಕಿಲ್ಲ, ವಾಸ್ತವದ ಬೆಂಕಿ ಬೇಕೆನ್ನುವ ಆನಿಮೇಷನ್ನಿಗೆ ಅದರಿಂದ ಏನು ಪಾಠ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಶೈಲಿ ಇರುವುದು ಕುಣಿತಕ್ಕೆ, ಮಾತಿಗೆ, ವೇಷಕ್ಕೆ. ದೊಂದಿಯ ಬೆಂಕಿ ನಿಜವಾದ ಬೆಂಕಿ, ಅದು ಪಾಲಿಸುವುದು ಕಂಪ್ಯೂಟರು ಬಿಡಿಸಲು ಹೆಣಗುವ ಅದೇ ನಿಯಮಗಳನ್ನು. ಪೌರಾಣಿಕ ಆನಿಮೇಷನ್ನು ಮಾಡುವವನಿಗೂ ಬೇಕಾದದ್ದು ಕೋಪವಾಗಿ, ಭಯವಾಗಿ ಕೆಲಸ ಮಾಡುವ ನಿಜ ಬೆಂಕಿಯೇ. ಯಂತ್ರಗಳ ಬಲ ಹೆಚ್ಚಿದಂತೆ ಎಲ್ಲ ತಾನೇ ಸರಿಹೋಗುತ್ತದೆ ಎಂಬ ಮಾತೂ ಇದೆ. ಚೌಕಗಳು ಹೆಚ್ಚಿದರೆ ಸುಳಿಗಳು ಹೆಚ್ಚುತ್ತವೆ, ನಿಜ. ಯಾವ ಪೆಟ್ಟಿಗೆ ಏಳಬೇಕು, ಯಾರ ಮುಖ ಬೆಳಗಬೇಕು ಎಂಬುದು ಸಮೀಕರಣದೊಳಗೆ ಇಲ್ಲ. ಇನ್ನೊಂದು ಆಕ್ಷೇಪಕ್ಕೆ ನಾನು ಪೂರ್ತಿ ತಲೆಬಾಗುತ್ತೇನೆ. ದೊಂದಿಯ ಮಸಿ ಭಾಗವತರ ಗಂಟಲಿಗೂ ಕಲಾವಿದರ ಕಣ್ಣಿಗೂ ಒಳ್ಳೆಯದಲ್ಲ, ಒಣ ಸೋಗೆಯ ಚಪ್ಪರದ ಕೆಳಗೆ ರಾಳ ಎರಚುವುದು ಅಪಾಯವೇ. ಹೊಗೆ ಯಂತ್ರ ಬಂದದ್ದರಲ್ಲಿ ತಪ್ಪಿಲ್ಲ, ಅದರ ಹೊಗೆ ಕೆಳಗಿನಿಂದ ಕಾವಿನ ಒತ್ತಾಸೆಯಿಲ್ಲದ್ದರಿಂದ ಮೇಲೇಳದೆ ತೂಗಾಡುತ್ತದೆ ಎಂಬುದೊಂದು ಕೊರತೆ. ದೊಂದಿ ಬೆಳಕಿನ ಆಟಗಳು ಈಗಲೂ ಅಪರೂಪಕ್ಕೆ ನಡೆಯುತ್ತವೆ. ಪ್ರತಿ ರಾತ್ರಿ ಹಾಗೇ ಆಡಿ ಎಂದು ಯಾರೂ ಕೇಳಬೇಕಾಗಿಲ್ಲ.

ಕೇಳಬೇಕಾದದ್ದು ದಾಖಲೆ. ಆನಿಮೇಷನ್ ಮತ್ತು ವಿಷುಯಲ್ ಎಫೆಕ್ಟ್ಸ್ ಉದ್ಯಮಕ್ಕೆಂದೇ ದೇಶದಲ್ಲಿ ಮೊದಲು ನೀತಿ ತಂದ ರಾಜ್ಯ ನಮ್ಮದು, 2012ರಲ್ಲಿ. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಆದರೆ ಕಂಪ್ಯೂಟರಿನಲ್ಲಿ ಬೆಂಕಿ ಮಾಡಲು ಕಲಿಯುವ ಹುಡುಗರು ನೋಡುವ ಮಾದರಿಗಳು ಬಹುಪಾಲು ಹಾಲಿವುಡ್ಡಿನ ಸ್ಫೋಟಗಳು, ಪೆಟ್ರೋಲಿನ ಉರಿ, ಹಗಲಿನ ಹೊಗೆ. ಅವರ ಮುಂದೆ ಎಣ್ಣೆಬಟ್ಟೆಯ ಉರಿ ಮತ್ತು ರಾಳದ ಭುಗಿಲು ಇರಬೇಕು. ಗುಣವಂತೆಯಲ್ಲೋ ಕರ್ಕಿಯಲ್ಲೋ ತೆರೆದ ಬಯಲಿನಲ್ಲಿ, ಅಗ್ನಿಶಾಮಕದವರನ್ನು ಪಕ್ಕಕ್ಕಿಟ್ಟುಕೊಂಡು, ಅತಿ ವೇಗದ ಕ್ಯಾಮೆರಾಗಳಲ್ಲಿ ಎರಡು ಮೂರು ದಿಕ್ಕಿನಿಂದ ಚಿತ್ರೀಕರಿಸಬೇಕು: ಪುಡಿಯ ನಯ ಬದಲಿಸಿ ಒಂದು, ಗಾಳಿಯಿದ್ದಾಗ ಒಂದು, ಬೇಗಡೆಯ ವೇಷದೆದುರು ಒಂದು, ಚಂಡೆಯ ಸದ್ದಿನ ಸಮೇತ ಒಂದು. ಖರ್ಚು ದೊಡ್ಡದಲ್ಲ. ಕಷ್ಟವಿರುವುದು ಕೈಗಳನ್ನು ಹುಡುಕುವುದರಲ್ಲಿ. ಆಟದ ಕರಪತ್ರಗಳಲ್ಲಿ ಭಾಗವತರ, ಮದ್ದಳೆ-ಚಂಡೆಯವರ, ವೇಷಧಾರಿಗಳ ಹೆಸರಿರುವುದು ವಾಡಿಕೆ. ದೊಂದಿ ಹಿಡಿದವರ ಹೆಸರು ಅಚ್ಚಾಗುವ ರೂಢಿಯಿರಲಿಲ್ಲ. ಹಾಗಾಗಿ ಭಟ್ಕಳದಿಂದ ಕುಮಟೆಯವರೆಗೆ ಹಳೆಯ ಆಟಗಳ ಊರುಗಳಲ್ಲಿ ಮನೆಮನೆಗೆ ಹೋಗಿ, ಗ್ಯಾಸ್‌ಲೈಟಿನ ಕಾಲಕ್ಕೂ ಮೊದಲು ಉರಿ ಕಾದವರಲ್ಲಿ ಯಾರು ಇನ್ನೂ ಇದ್ದಾರೆಂದು ಕೇಳಬೇಕು. ಇದ್ದರೂ ಅವರೀಗ ಎಂಬತ್ತರ ಗಡಿ ದಾಟಿದವರು.