ಆಕಳ ಬಾಯಲ್ಲಿ ಹಲ್ಲು ಎಷ್ಟು? ಹಲ್ಲಿನ ಭಾಗ, ವಯಸ್ಸು ಮತ್ತು ಚಿಕಿತ್ಸೆ



ಕೆಲವು ತಿಂಗಳ ಹಿಂದೆ ವಿರೂಪಾಪುರಗಡ್ಡೆಯ ಒಬ್ಬ ಸದಸ್ಯೆ ಫೋನ್ ಮಾಡಿದರು. “ಡಾಕ್ಟ್ರೇ, ಸಂತ್ಯಾಗ ತಂದ ಆಕಳಿಗೆ ಮ್ಯಾಲಿನ ಹಲ್ಲೇ ಇಲ್ರಿ. ಕೆಳಗಿನವು ಅಳ್ಳಾಡ್ತಾವು. ಎರಡು ದಿನ ಆತು, ಮೇವು ಮುಟ್ಟಿಲ್ಲ.” ನಾನು ಹೋಗುವಷ್ಟರಲ್ಲಿ ಯಾರದೋ ಮಾತು ಕೇಳಿ, ಹಲ್ಲಿಗೆ ಹುಳ ಬಿದ್ದಿದೆ ಎಂದು ಒಸಡಿಗೆ ಸುಣ್ಣ ತಿಕ್ಕಿದ್ದರು. ಬಾಯಿ ಸುಟ್ಟು ಹುಣ್ಣಾಗಿತ್ತು. ನಿಜವಾದ ತೊಂದರೆ ಬೇರೆ ಇತ್ತು: ಜೋಳದ ದಂಟಿನ ತುಂಡೊಂದು ಮೇಲಿನ ಎರಡೂ ಕಡೆಯ ದವಡೆ ಹಲ್ಲುಗಳ ನಡುವೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲು ಐದು ನಿಮಿಷ ಸಾಕಾಯಿತು. ಸುಣ್ಣದ ಹುಣ್ಣು ಮಾಯಲು ಹತ್ತು ದಿನ ಬೇಕಾಯಿತು. ಅಷ್ಟು ದಿನದ ಹಾಲು ಹೋಯಿತು.

ಮೇಲೆ ಮುಂದಿನ ಹಲ್ಲು ಇಲ್ಲದಿರುವುದು ರೋಗವಲ್ಲ. ಕೆಳಗಿನವು ಸ್ವಲ್ಪ ಅಲ್ಲಾಡುವುದೂ ರೋಗವಲ್ಲ. ಇದು ಗೊತ್ತಿದ್ದರೆ ಆ ಆಕಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅದಕ್ಕಾಗಿ ಈ ಲೇಖನ.

ಹಲ್ಲಿನ ಲೆಕ್ಕ

ಬೆಳೆದ ಆಕಳು ಅಥವಾ ಎಮ್ಮೆಗೆ 32 ಹಲ್ಲು. ಕೆಳಗೆ ಮುಂದೆ 8 ಬಾಚಿಹಲ್ಲು. (ಶಾಸ್ತ್ರದ ಪ್ರಕಾರ ಕೊನೆಯ ಜೋಡಿ ಕೋರೆಹಲ್ಲು, ನೋಡಲು ಬಾಚಿಹಲ್ಲಿನಂತೆಯೇ ಇರುತ್ತದೆ.) ಒಳಗೆ ಮೇಲೆ 12, ಕೆಳಗೆ 12 ದವಡೆ ಹಲ್ಲು. ಮೇಲೆ ಮುಂದಿನ ಹಲ್ಲಿನ ಜಾಗದಲ್ಲಿ ಗಟ್ಟಿಯಾದ ಒಸಡಿನ ದಿಂಡು ಇರುತ್ತದೆ. ಆಕಳು ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದು, ಕೆಳಹಲ್ಲನ್ನು ಈ ದಿಂಡಿಗೆ ಒತ್ತಿ ಕತ್ತರಿಸುತ್ತದೆ. ದಿಂಡಿಗೆ ಪೆಟ್ಟಾಗದಿರಲೆಂದೇ ಕೆಳಹಲ್ಲುಗಳು ತುಸು ಸಡಿಲವಾಗಿರುತ್ತವೆ.

ಕರುವಿಗೆ 20 ಹಾಲುಹಲ್ಲು: ಮುಂದೆ 8, ದವಡೆಯಲ್ಲಿ 12.

ಒಂದು ಹಲ್ಲಿನ ಭಾಗಗಳು

ಒಸಡಿನ ಮೇಲೆ ಕಾಣುವುದು ಹಲ್ಲಿನ ತಲೆ. ಒಸಡಿಗೆ ಸೇರುವಲ್ಲಿ ಕುತ್ತಿಗೆ. ದವಡೆ ಎಲುಬಿನಲ್ಲಿ ಹೂತಿರುವುದು ಬೇರು. ಹೊರಗಿನ ಬಿಳಿ ಹೊದಿಕೆ ಎನಾಮೆಲ್. ಮೈಯಲ್ಲೆಲ್ಲ ಇದಕ್ಕಿಂತ ಗಟ್ಟಿ ವಸ್ತು ಇಲ್ಲ. ಅದರ ಒಳಗೆ ಸ್ವಲ್ಪ ಮೆತ್ತಗಿನ ಡೆಂಟಿನ್. ನಡುವೆ ರಕ್ತನಾಳ, ನರ ಇರುವ ತಿರುಳು. ಹಲ್ಲು ಒಡೆದು ತಿರುಳು ತೆರೆದುಕೊಂಡರೆ ನೋವು, ಕೀವು ಬರುತ್ತದೆ.

ದವಡೆ ಹಲ್ಲಿನಲ್ಲಿ ಎನಾಮೆಲ್ ಮಡಿಕೆ ಮಡಿಕೆಯಾಗಿ ಇರುತ್ತದೆ. ಮೆತ್ತಗಿನ ಡೆಂಟಿನ್ ಬೇಗ ಸವೆದು ಎನಾಮೆಲ್ ಅಂಚು ಉಳಿಯುವುದರಿಂದ ಹಲ್ಲಿನ ಮೈ ಬೀಸುವ ಕಲ್ಲಿನಂತೆ ಒರಟಾಗಿಯೇ ಇರುತ್ತದೆ. ಭತ್ತದ ಹುಲ್ಲು, ಜೋಳದ ಕಣಿಕೆ ನುರಿಯುವುದು ಇದರಿಂದಲೇ.

ಕೊಳ್ಳುವಾಗ ವಯಸ್ಸು ನೋಡುವುದು

ಕೈಯನ್ನು ಬಾಯೊಳಗೆ ಹಾಕಬೇಕಿಲ್ಲ. ಮೂಗುದಾರ ಹಿಡಿದು ಕೆಳತುಟಿಯನ್ನು ಕೆಳಗೆ ಎಳೆದರೆ ಸಾಕು. ಹಾಲುಹಲ್ಲು ಚಿಕ್ಕದು, ಬಿಳುಪು. ಹೊಸದಾಗಿ ಬಂದ ಕಾಯಂ ಹಲ್ಲು ಅಗಲ, ತುಸು ಹಳದಿ. ಮಿಶ್ರತಳಿ ಆಕಳಿನಲ್ಲಿ ಸುಮಾರಾಗಿ:

• ಎರಡು ಹಲ್ಲು: 1.5ರಿಂದ 2 ವರ್ಷ
• ನಾಲ್ಕು ಹಲ್ಲು: 2ರಿಂದ 2.5 ವರ್ಷ
• ಆರು ಹಲ್ಲು: ಸುಮಾರು 3 ವರ್ಷ
• ಎಂಟು ಹಲ್ಲು (ಬಾಯಿಗೂಡಿದ್ದು): 3.5ರಿಂದ 4 ವರ್ಷ

ನಾಟಿ ಆಕಳು, ಎಮ್ಮೆಗಳಲ್ಲಿ ಇದಕ್ಕಿಂತ ತಡ. ಬಾಯಿಗೂಡಿದ ಮೇಲೆ ಸವೆತ ನೋಡಿ ಅಂದಾಜು ಮಾತ್ರ ಹೇಳಬಹುದು. “ಎರಡನೇ ಸೂಲು ಅಷ್ಟೇ” ಎಂದು ದಲ್ಲಾಳಿ ಹೇಳಿದ ಆಕಳ ಹಲ್ಲು ಸವೆದು ಗಿಡ್ಡವಾಗಿ, ನಡುವೆ ಸಂದು ಬಿದ್ದಿದ್ದರೆ ದುಡ್ಡು ಕೊಡುವ ಮೊದಲು ನಿಲ್ಲಿ. ಕಿವಿಯೋಲೆಯ 12 ಅಂಕಿಯ ಸಂಖ್ಯೆ ಬರೆದುಕೊಂಡು ನಮ್ಮನ್ನು ಕೇಳಿ.

ಹಲ್ಲು ಕಂದು ಬಣ್ಣವಾಗಿದ್ದರೆ

ನಮ್ಮ ಗಡ್ಡೆಯ ದನಗಳು ತುಂಗಭದ್ರೆಯ ನೀರು ಕುಡಿಯುತ್ತವೆ. ಆದರೆ ಕೊಂಡು ತರುವ ದನ ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ನೀರು ಕುಡಿದು ಬೆಳೆದಿರಬಹುದು. ಅಲ್ಲಿನ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಒಸಡಿನೊಳಗೆ ಕಾಯಂ ಹಲ್ಲು ರೂಪುಗೊಳ್ಳುವ ಕರು ವಯಸ್ಸಿನಲ್ಲಿ ಆ ನೀರು ಕುಡಿದರೆ ಎನಾಮೆಲ್ ಕೆಡುತ್ತದೆ. ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆ, ಕಂದು ಗೆರೆ ಬರುತ್ತವೆ. ಹಲ್ಲು ಬೇಗ ಸವೆಯುತ್ತದೆ. ಹೀಗಾಗಿ ಎಳೆ ಆಕಳೂ ಮುದಿಯಂತೆ ಕಾಣಬಹುದು. ಈ ಕಲೆ ತಿಕ್ಕಿದರೆ ಹೋಗುವುದಿಲ್ಲ, ಇದಕ್ಕೆ ಔಷಧಿಯೂ ಇಲ್ಲ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಬೋರ್‌ವೆಲ್ ನೀರೇ ಗತಿ ಎನ್ನುವ ಊರಿನವರು ಪಂಚಾಯಿತಿಯಲ್ಲಿ ಕೇಳಿ ನೀರು ಪರೀಕ್ಷೆ ಮಾಡಿಸಿ. ಒಳ್ಳೆಯ ನೀರು ಸ್ವಲ್ಪವೇ ಇದ್ದರೆ ಅದನ್ನು ಮೊದಲು ಕರುಗಳಿಗೆ ಕೊಡಿ. ಬಣ್ಣದ ಜೊತೆಗೆ ಕುಂಟು, ಕೀಲು ಬಿಗಿತ ಇದ್ದ ದನ ಕೊಳ್ಳಬೇಡಿ.

ಡಾಕ್ಟರನ್ನು ಕರೆಯಬೇಕಾದ ಲಕ್ಷಣ

ಮೇವನ್ನು ಜಗಿದು ಉಂಡೆ ಮಾಡಿ ಉಗುಳುವುದು, ಒಂದೇ ಕಡೆ ಜಗಿಯುವುದು, ಬಾಯಿಂದ ಕೆಟ್ಟ ವಾಸನೆ, ಸಗಣಿಯಲ್ಲಿ ನುರಿಯದ ಉದ್ದ ಹುಲ್ಲು, ದವಡೆ ಎಲುಬಿನ ಮೇಲೆ ಗಟ್ಟಿ ಗಂಟು. ಜೊಲ್ಲಿನ ಜೊತೆ ಜ್ವರ, ಗೊರಸಿನ ಸಂದಿನಲ್ಲಿ ಹುಣ್ಣು ಇದ್ದರೆ ಅದು ಕಾಲುಬಾಯಿ ಬೇನೆ ಇರಬಹುದು; ಆ ದನವನ್ನು ಬೇರೆ ಕಟ್ಟಿ.

ನಾವು ಮಾಡುವ ಚಿಕಿತ್ಸೆಗಳು

ಅರ ಹಾಕುವುದು: ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ, ನಾಲಿಗೆ ಕೊಯ್ಯುತ್ತಿದ್ದರೆ ಆ ಚೂಪನ್ನಷ್ಟೇ ಅರದಿಂದ ಉಜ್ಜಿ ಸಮ ಮಾಡುತ್ತೇವೆ.

ಹಲ್ಲು ಕೀಳುವುದು: ಒಡೆದ ಅಥವಾ ಬೇರಿನಲ್ಲಿ ಕೀವಾದ ಹಲ್ಲನ್ನು ಮಾತ್ರ, ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆಯುತ್ತೇವೆ.

ದವಡೆ ಗಂಟು: ಮುಳ್ಳು, ಒರಟು ಮೇವು ಚುಚ್ಚಿದ ಗಾಯದಿಂದ ಎಲುಬಿಗೆ ಸೋಂಕು ಇಳಿದು ಬರುವ ರೋಗ. ಗಂಟು ಚಿಕ್ಕದಿದ್ದಾಗಲೇ ತೋರಿಸಿದರೆ ಇಂಜೆಕ್ಷನ್‌ನಿಂದ ತಡೆಯಬಹುದು. ಬಿಟ್ಟರೆ ಎಲುಬೇ ಹಾಳಾಗುತ್ತದೆ.

ಜನರಿಗೆ ಮಾಡುವ ಹಾಗೆ ಹಲ್ಲು ತುಂಬುವುದು, ಬೇರಿನ ಚಿಕಿತ್ಸೆ ದನಗಳಿಗೆ ಸಾಮಾನ್ಯವಾಗಿ ಮಾಡುವುದಿಲ್ಲ. ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ, ಡಾಕ್ಟರ್ ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ.

ಕೈ ಹಾಕಬೇಡಿ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. ದನ ಜೊಲ್ಲು ಸುರಿಸುತ್ತಾ, ನುಂಗಲು ಆಗದೆ ಒದ್ದಾಡುವಾಗ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವುದು ನಮ್ಮಲ್ಲಿ ರೂಢಿ. ಹುಚ್ಚುನಾಯಿ ಕಡಿದು ರೇಬಿಸ್ ಬಂದ ದನವೂ ಹೀಗೆಯೇ ಕಾಣುತ್ತದೆ. ಆ ಜೊಲ್ಲು ಕೈಯ ಸಣ್ಣ ಗೀರಿಗೆ ತಗುಲಿದರೂ ಜೀವಕ್ಕೆ ಅಪಾಯ. ತಗುಲಿದ್ದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಸಂಘದ ಕಾರ್ಯದರ್ಶಿಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. “ಹಲ್ಲಿಗೆ ಏನೋ ಆಗೇತಿ” ಎನ್ನುವ ಬದಲು “ಎಡಗಡೆ ದವಡೆಯಲ್ಲಿ ಗಂಟು, ಮೇವಿನ ಉಂಡೆ ಉಗುಳುತ್ತದೆ” ಎಂದು ಹೇಳಿದರೆ ನಾವು ಬೇಕಾದ ಸಾಮಾನು ಹಿಡಿದುಕೊಂಡೇ ಬರುತ್ತೇವೆ.