ಖಾನಾವಳಿ: ರೊಟ್ಟಿಯ ಬೆನ್ನು ಹಿಡಿದು ಬಂದ ಊಟದ ಮನೆ

ಬೆಂಗಳೂರಿನಲ್ಲಿ ಈಗ ಜಪಾನಿನ ಊಟವೂ ಸಿಗುತ್ತದೆ. ಬೆಳಗಾವಿಯಲ್ಲಿ 1888ರಲ್ಲಿ ಒಂದು ಸೈಕಲ್ ಅಂಗಡಿಯಿಂದ ಆರಂಭವಾದ ಕಿರ್ಲೋಸ್ಕರ್ ಉದ್ಯಮ, 1997ರಲ್ಲಿ ಟೊಯೊಟಾ ಜತೆ ಕೈಜೋಡಿಸಿ ಬಿಡದಿಯಲ್ಲಿ ಕಾರು ಕಾರ್ಖಾನೆ ಕಟ್ಟಿತು. ಇಂಥ ಉದ್ಯಮಗಳ ಜತೆ ಜಪಾನಿ ಎಂಜಿನಿಯರುಗಳು ಬಂದರು. ಅವರ ನಾಲಿಗೆಯನ್ನು ಅರಿತ ಹೋಟೆಲುಗಳೂ ಬಂದವು. ಒಳ್ಳೆಯ ಜಪಾನಿ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಬಲ್ಲವರ ಉತ್ತರ ಒಂದೇ: ಜಪಾನಿಗಳು ಎಲ್ಲಿ ಉಣ್ಣುತ್ತಾರೋ ಅಲ್ಲಿ.

ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಓದಿಗೋ ನೌಕರಿಗೋ ರಾಜಧಾನಿಗೆ ಬಂದವರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರು ಹುಡುಕುವುದು ಬಿಸಿ ಜೋಳದ ರೊಟ್ಟಿ. ಅದು ಸಿಗುವ ಜಾಗಕ್ಕೆ ಹೋಟೆಲು ಎನ್ನುವುದಿಲ್ಲ, ಖಾನಾವಳಿ ಎನ್ನುತ್ತಾರೆ. ಈ ಎರಡರ ನಡುವೆ ವ್ಯತ್ಯಾಸವೇನು?

ಖಾನಾವಳಿ ಎಂಬ ಪದ ಮರಾಠಿಯ ‘ಖಾಣಾವಳ’ದಿಂದ ಬಂದದ್ದು. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಮುಂಬಯಿಯಲ್ಲಿ 1850ರ ದಶಕದಲ್ಲಿ ಹತ್ತಿ ಗಿರಣಿಗಳು ತಲೆ ಎತ್ತಿದಾಗ ಕೊಂಕಣದಿಂದಲೂ ಘಟ್ಟದ ಮೇಲಿನಿಂದಲೂ ಸಾವಿರಾರು ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದರು. ಒಂದೇ ಖೋಲಿಯಲ್ಲಿ ಹಲವರು ಪಾಳಿ ಹಚ್ಚಿ ಮಲಗುತ್ತಿದ್ದರು. ಅವರಿಗೆ ಅಡುಗೆ ಮಾಡಿ ಹಾಕುವ ಕೆಲಸವನ್ನು ಗಿರಣಿ ಕೇರಿಯ ಹೆಂಗಸರು ಹಿಡಿದರು. ಲೆಕ್ಕ ತಿಂಗಳದ್ದು, ಪಗಾರ ಆದ ದಿನ ಚುಕ್ತಾ. ಈ ಹೆಂಗಸರನ್ನು ಸಂಘಟಿಸಲು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಸ್ಥಾಪಿಸಿದರು.

ಗಿರಣಿಯ ನಂಟು ಗೋಕಾಕಕ್ಕೂ ಉಂಟು. ಘಟಪ್ರಭಾ ನದಿ ಸುಮಾರು 170 ಅಡಿ ಧುಮುಕುವಲ್ಲಿ, ಆ ನೀರಿನ ಬಲ ನಂಬಿ 1880ರ ದಶಕದಲ್ಲಿಯೇ ಹತ್ತಿ ಗಿರಣಿ ಎದ್ದಿತು. ಗಿರಣಿ, ಸಂತೆ, ಕೋರ್ಟು, ಕಾಲೇಜು ಎಲ್ಲಿ ಬಂದವೋ ಅಲ್ಲಿ ಮನೆಯೂಟ ಬೇಡುವವರೂ ಬಂದರು. ಖಾನಾವಳಿಯ ಮೂಲ ಗುಣ ಇದು: ಅದು ಮೋಜಿಗೆ ಹುಟ್ಟಿದ್ದಲ್ಲ, ಮನೆ ಬಿಟ್ಟವರಿಗಾಗಿ ಹುಟ್ಟಿದ್ದು. ಮಠದ ದಾಸೋಹದಲ್ಲಿ ಹಣವಿಲ್ಲ, ಇಲ್ಲಿ ಹಣವುಂಟು. ಆದರೆ ‘ಇನ್ನೊಂದು ರೊಟ್ಟಿ ಹಾಕಲೇನ್ರಿ?’ ಎಂದು ಕೇಳುವ ರೀತಿ ಎರಡು ಕಡೆಯೂ ಒಂದೇ.

ಉತ್ತರ ಕರ್ನಾಟಕದಲ್ಲಿ ‘ಲಿಂಗಾಯತ ಖಾನಾವಳಿ’ ಎಂಬ ಫಲಕ ಕಂಡರೆ ಅಲ್ಲಿ ಶುದ್ಧ ಸಸ್ಯಾಹಾರ ಎಂದು ಅರ್ಥ. ‘ಸಾವಜಿ’ ಎಂದಿದ್ದರೆ ಖಾರದ ಮಾಂಸದೂಟ. ಅದು ಹುಬ್ಬಳ್ಳಿ ಕಡೆಯ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರ ಅಡುಗೆ.

ಈ ಸೀಮೆಯ ತಿನಿಸುಗಳಲ್ಲಿ ಕೆಲವು ಸುಲಭವಾಗಿ ಊರು ದಾಟುತ್ತವೆ. ಅಂಟು, ಬೆಲ್ಲ, ಕೊಬ್ಬರಿ, ಒಣಹಣ್ಣು ಸೇರಿದ ಗೋಕಾಕದ ಕರದಂಟು ಡಬ್ಬಿಯಲ್ಲಿ ಕುಳಿತು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಖಡಕ್ ರೊಟ್ಟಿಯೂ ವಾರಗಟ್ಟಲೆ ತಾಳುತ್ತದೆ. ಬಿಸಿ ರೊಟ್ಟಿ ಮಾತ್ರ ತಾಳದು. ಇದಕ್ಕೆ ಕಾರಣ ಜೋಳದಲ್ಲೇ ಇದೆ. ಗೋದಿ ಹಿಟ್ಟನ್ನು ಎಳೆದರೆ ಹಿಗ್ಗಿಸುವ ಗ್ಲುಟೆನ್ ಜೋಳದಲ್ಲಿಲ್ಲ. ಅದಕ್ಕೇ ಕುದಿಯುವ ಎಸರು ಹೊಯ್ದು ಹಿಟ್ಟು ನಾದಬೇಕು. ಬಿಸಿ ನೀರಿಗೆ ಪಿಷ್ಟ ಬೆಂದು ತುಸು ಜಿಗಿ ಬರುತ್ತದೆ. ಹಿಟ್ಟು ಆರುವುದರೊಳಗೆ ಬಡಿದು ಹಂಚಿಗೆ ಹಾಕಬೇಕು. ಮೇಲೆ ಒದ್ದೆ ಬಟ್ಟೆಯಿಂದ ಸವರಿ, ತಿರುವಿ, ಬೆಂಕಿಗೆ ಒಡ್ಡಿದಾಗ ಅದು ಉಬ್ಬುತ್ತದೆ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ಹೀಗಾಗಿ ರೊಟ್ಟಿ ಊರು ದಾಟುವುದಿಲ್ಲ. ರೊಟ್ಟಿ ಬಡಿಯುವ ಕೈ ಊರು ದಾಟಬೇಕು.

ಬೆಂಗಳೂರಿನಲ್ಲಿ ಜೋಳದ ರೊಟ್ಟಿ ಊಟವನ್ನು ದೊಡ್ಡದಾಗಿ ಪರಿಚಯಿಸಿದವುಗಳಲ್ಲಿ ಗಾಂಧಿನಗರದ ಕಾಮತ್ ಹೋಟೆಲಿನ ಹೆಸರಿದೆ. ಆದರೆ ಖಾನಾವಳಿಗಳು ಬೆಳೆದದ್ದು ಊರಿನ ಬಸ್ಸು ಬಂದು ನಿಲ್ಲುವ ಮೆಜೆಸ್ಟಿಕ್ ಸುತ್ತಮುತ್ತ ಹಾಗೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ತುಂಬಿರುವ ವಿಜಯನಗರದಂಥ ಬಡಾವಣೆಗಳಲ್ಲಿ. ಗಿರಣಿ ಕಾರ್ಮಿಕನ ಜಾಗದಲ್ಲಿ ವಿದ್ಯಾರ್ಥಿ ಬಂದ. ತಿಂಗಳ ಲೆಕ್ಕ ಹಾಗೆಯೇ ಉಳಿಯಿತು.

ಒಳ್ಳೆಯ ಖಾನಾವಳಿಯನ್ನು ಗುರುತಿಸುವುದು ಹೇಗೆ? ಮೊದಲು ಕಿವಿ ಕೊಡಬೇಕು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕು. ರೊಟ್ಟಿ ಒಟ್ಟಿಗೆ ಬಾರದೆ ಒಂದೊಂದಾಗಿ ಬಿಸಿಬಿಸಿ ಬರಬೇಕು. ತಟ್ಟೆಯಲ್ಲಿ ಎಣಗಾಯಿ, ಕಾಳಿನ ಪಲ್ಯ ಅಥವಾ ಝುಣಕ ಇರಬೇಕು. ಬದಿಗೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಗಳಲ್ಲಿ ಒಂದೆರಡಾದರೂ ಬೇಕು. ಕೆಂಪು ಮೆಣಸಿನಕಾಯಿ ರಂಜಕ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೂಲಂಗಿ, ಮೆಂತ್ಯದ ಎಸಳು ಇದ್ದರೆ ಊಟ ಪೂರ್ಣ. ಅನ್ನದ ಸರದಿ ಕೊನೆಗೆ. ಎಲ್ಲಕ್ಕೂ ಮೇಲಿನ ಪರೀಕ್ಷೆ ಪಕ್ಕದ ಮೇಜಿನದು: ಅಲ್ಲಿ ‘ಹೌದ್ರಿ’, ‘ಬರ್ರಿ’ ಕೇಳಿಬಂದರೆ ಹೆದರದೆ ಕೂರಬಹುದು.

ಆದರೆ ಖಾನಾವಳಿಯ ಮುಂದಿನ ದಾರಿ ಸುಗಮವಾಗಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಘಟಪ್ರಭೆಯ ನೀರು ಹರಿದಲ್ಲೆಲ್ಲ ಕಬ್ಬು ನಿಂತಿದೆ. ಧೂಪದಾಳದ ಒಡ್ಡು, ಹಿಡಕಲ್ ಜಲಾಶಯ, ಸಾಲುಸಾಲು ಸಕ್ಕರೆ ಕಾರ್ಖಾನೆಗಳು ರೈತನ ಕೈಗೆ ರೊಕ್ಕ ತಂದವು, ನಿಜ. ಆದರೆ ಕಬ್ಬು ನಿಂತ ಹೊಲದಲ್ಲಿ ಹಿಂಗಾರಿ ಬಿಳಿಜೋಳಕ್ಕೆ ಜಾಗವಿಲ್ಲ. ರೊಟ್ಟಿಯ ನಾಡೇ ವಿಜಯಪುರದ ಒಣ ಎರೆ ಭೂಮಿಯ ಜೋಳಕ್ಕೆ ಕೈಯೊಡ್ಡುವಂತಾಗಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಜೋಳಕ್ಕೆ ಗೌರವ ಹೆಚ್ಚಿತು. ರೊಟ್ಟಿ ಬಡಿಯುವವಳ ಹೆಸರು ಹೇಳಿದವರು ಕಡಿಮೆ.

ಹೊಗೆ, ಕಾವು, ಬಾಗಿದ ಬೆನ್ನು, ಸುಡುವ ಬೆರಳು ಆ ಕೆಲಸದ ಪಾಲು. ತನ್ನ ಮಗಳು ಇದನ್ನೇ ಮಾಡಲಿ ಎಂದು ಯಾವ ತಾಯಿಯೂ ಬಯಸಲಾರಳು, ಬಯಸಬೇಕೆನ್ನುವುದೂ ನ್ಯಾಯವಲ್ಲ. ರೊಟ್ಟಿ ಮಾಡುವ ಯಂತ್ರಗಳು ಬಂದಿವೆ. ಅವು ಮೈಭಾರ ಇಳಿಸುತ್ತವೆ, ಆದರೆ ಕೈ ರೊಟ್ಟಿಯ ಮೆತ್ತನೆ ಗುಣ ಅದರಲ್ಲಿಲ್ಲ ಎಂಬ ದೂರು ಉಣ್ಣುವವರದು. ಕೈ ರೊಟ್ಟಿಯೇ ಬೇಕೆನ್ನುವವರು ಆ ಕೈಗೆ ತಕ್ಕ ಕೂಲಿಯನ್ನೂ ಕೊಡಲು ಸಿದ್ಧರಿರಬೇಕು. ನಗರದಲ್ಲಿ ಒಳ್ಳೆಯ ರೊಟ್ಟಿ ಮುಂದೆಯೂ ಸಿಗುವುದೇ ಎಂಬುದು ನಿಂತಿರುವುದು ಈ ಒಂದು ಲೆಕ್ಕದ ಮೇಲೆ.