ಎದೆಯಲ್ಲಿ ತುಂಬುವ ನೀರು, ಅರ್ಥವಾಗದ ಒಪ್ಪಿಗೆ ಪತ್ರ

ಈಚೆಗೆ ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಆಸ್ಪತ್ರೆಯ ಕಾಗದವೊಂದನ್ನು ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಅವರ ತಾಯಿಗೆ ಸ್ತನ ಕ್ಯಾನ್ಸರ್. ಈಗ ಎದೆಯಲ್ಲಿ ನೀರು ತುಂಬಿದೆ. ಇಂಗ್ಲಿಷ್ ಮತ್ತು ಮಲಯಾಳದಲ್ಲಿದ್ದ ಆ ಪತ್ರಕ್ಕೆ ಮರುದಿನವೇ ಸಹಿ ಹಾಕಬೇಕಿತ್ತು. ಯಾವುದಕ್ಕೆ ಸಹಿ ಎಂಬುದು ಅವರಿಗೆ ತಿಳಿದಿರಲಿಲ್ಲ. ಇಂತಹ ಸಂದರ್ಭ ಯಾವ ಮನೆಗೂ ಬರಬಹುದಾದ್ದರಿಂದ ಈ ವಿವರಣೆ.

ಶ್ವಾಸಕೋಶದ ಮೇಲೆ ಒಂದು, ಎದೆಗೂಡಿನ ಒಳಮೈಗೆ ಒಂದು, ಹೀಗೆ ಎರಡು ತೆಳುಪೊರೆಗಳಿವೆ. ಅವುಗಳ ನಡುವಿನ ಅತ್ಯಲ್ಪ ದ್ರವವು ಉಸಿರಾಟದ ಚಲನೆಯನ್ನು ಸುಗಮಗೊಳಿಸುತ್ತದೆ. ಕ್ಯಾನ್ಸರ್ ಆ ಪೊರೆಗೆ ಹರಡಿದಾಗ ದ್ರವ ಹೆಚ್ಚುತ್ತದೆ, ಹೀರಿಕೊಳ್ಳುವ ದಾರಿ ಮುಚ್ಚುತ್ತದೆ. ಶ್ವಾಸಕೋಶ ಅದುಮಲ್ಪಟ್ಟು ಏದುಸಿರು ಬರುತ್ತದೆ. ಶ್ವಾಸಕೋಶದ ಮತ್ತು ಸ್ತನದ ಕ್ಯಾನ್ಸರ್‌ಗಳು ಇದಕ್ಕೆ ಮುಖ್ಯ ಕಾರಣಗಳು. ಸೂಜಿಯಿಂದ ನೀರು ತೆಗೆದರೆ ಉಪಶಮನ ಸಿಗುತ್ತದೆ. ಆದರೆ ಅನೇಕರಲ್ಲಿ ಅದು ಮತ್ತೆ ತುಂಬಿಕೊಳ್ಳುತ್ತದೆ.

ಮುಂದೆ ಎರಡು ಮಾರ್ಗಗಳಿವೆ. ಟಾಲ್ಕ್ ಪುಡಿಯನ್ನು ಒಳಗೆ ಹಾಕಿ ಎರಡೂ ಪೊರೆಗಳು ಅಂಟಿಕೊಳ್ಳುವಂತೆ ಮಾಡುವುದು ಒಂದು. ಎದೆಯಲ್ಲಿ ಮೃದುವಾದ ಸಣ್ಣ ಕೊಳವೆಯನ್ನು ಉಳಿಸಿ, ಮನೆಯಲ್ಲಿಯೇ ಆಗಾಗ ನೀರು ಬಸಿಯುವುದು ಇನ್ನೊಂದು. ಬ್ರಿಟನ್ನಿನ 7 ಆಸ್ಪತ್ರೆಗಳಲ್ಲಿ 106 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ 'ಟೈಮ್-2' ಅಧ್ಯಯನವು ಇವೆರಡನ್ನೂ ಹೋಲಿಸಿತು. ಮೊದಲ 42 ದಿನಗಳ ಉಸಿರಾಟದ ಸುಧಾರಣೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೊಳವೆಯವರಿಗೆ ಆರಂಭದ ಆಸ್ಪತ್ರೆವಾಸ ಕಡಿಮೆಯಾಯಿತು, ಆದರೆ ತೊಂದರೆಗಳು ಹೆಚ್ಚಿದ್ದವು. ಟಾಲ್ಕ್ ಪಡೆದವರಲ್ಲಿ 100ಕ್ಕೆ 22 ಮಂದಿಗೆ ಮತ್ತೆ ಚಿಕಿತ್ಸಾಕ್ರಮ ಬೇಕಾಯಿತು. ಕೊಳವೆಯವರಲ್ಲಿ 6 ಮಂದಿಗೆ ಮಾತ್ರ. 2018ರಲ್ಲಿ ಪ್ರಕಟವಾದ ಮತ್ತೊಂದು ಬ್ರಿಟಿಷ್ ಅಧ್ಯಯನದಲ್ಲಿ ಕೊಳವೆಯ ಮೂಲಕವೇ ಟಾಲ್ಕ್ ನೀಡಲಾಯಿತು. 35ನೆಯ ದಿನಕ್ಕೆ ಅವರಲ್ಲಿ 100ಕ್ಕೆ 43 ಮಂದಿಯಲ್ಲಿ ಪೊರೆಗಳು ಅಂಟಿಕೊಂಡಿದ್ದವು. ಟಾಲ್ಕ್ ಇಲ್ಲದವರಲ್ಲಿ 23.

ಇವುಗಳಲ್ಲಿ ಯಾವುದೂ ಕ್ಯಾನ್ಸರನ್ನು ಗುಣಪಡಿಸುವುದಿಲ್ಲ. ಉಳಿದ ದಿನಗಳಲ್ಲಿ ಉಸಿರಾಟವನ್ನು ಸುಲಭಗೊಳಿಸುತ್ತವೆ. ಆದ್ದರಿಂದ ಆಯ್ಕೆಯು ರೋಗಿಯ ಇಷ್ಟವನ್ನೂ ಮನೆಯ ಅನುಕೂಲವನ್ನೂ ಅವಲಂಬಿಸುತ್ತದೆ. ಕೊಳವೆಯನ್ನು ಶುಚಿಯಾಗಿ ನೋಡಿಕೊಳ್ಳುವವರು ಮನೆಯಲ್ಲಿ ಇದ್ದಾರೆಯೇ? ಆಸ್ಪತ್ರೆ ಎಷ್ಟು ದೂರ? ಭಾಷೆ ಅರ್ಥವಾಗದಿದ್ದರೆ ಇಂತಹ ಆಯ್ಕೆ ರೋಗಿಯದಾಗಿ ಉಳಿಯುವುದಿಲ್ಲ.

ಇಲ್ಲಿ ಕಾನೂನು ನಮ್ಮ ಪರವಾಗಿದೆ. ನಮ್ಮ ದೇಶದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಪ್ರಯೋಗಕ್ಕೆ ಸೇರುವವರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಬಾಯಿಮಾತಿನಲ್ಲಿಯೂ ಬರಹದಲ್ಲಿಯೂ ಮಾಹಿತಿ ನೀಡಬೇಕು. ಓದಲು ಬಾರದವರಿಗೆ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಜೊತೆಗಿರಬೇಕು. ಸೇರಲು ನಿರಾಕರಿಸಿದರೆ ಚಿಕಿತ್ಸೆಗೆ ಅಡ್ಡಿಯಾಗಬಾರದು. ಸಾಮಾನ್ಯ ಚಿಕಿತ್ಸೆಗೂ ರೋಗಿಗೆ ತಿಳಿದ ಭಾಷೆಯಲ್ಲಿ ವಿವರಣೆ ದೊರೆಯಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪತ್ರ ಹೇಳುತ್ತದೆ.

ನಾವು ಆ ತಂದೆಗೆ ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟೆವು: ಇದು ಚಿಕಿತ್ಸೆಯೋ ಪ್ರಯೋಗವೋ? ಬೇರೆ ಮಾರ್ಗವೇನು? ಬೇಡವೆಂದರೆ ಏನಾಗುತ್ತದೆ? ಉತ್ತರ ಅರ್ಥವಾಗುವವರೆಗೆ ಸಹಿ ಹಾಕಬೇಡಿ ಎಂದೆವು. ಓದುಗರಲ್ಲಿಯೂ ನಮ್ಮ ವಿನಂತಿ ಇಷ್ಟೇ. ಕನ್ನಡವನ್ನು ನಾವು ತರಗತಿಯಲ್ಲಿ ಕೇಳುತ್ತಿದ್ದೇವೆ. ಆಸ್ಪತ್ರೆಯಲ್ಲಿಯೂ ಸಂಕೋಚವಿಲ್ಲದೆ ಕೇಳೋಣ.